50ಕ್ಕೆ 46 ಬಂತು, ಒಂದು ಅರ್ಜಿ ಬರೆಯಲು ಬರಲಿಲ್ಲ

ಎರಡನೇ ಸೆಮಿಸ್ಟರಿನಲ್ಲಿ ನಮಗೊಂದು ಪೇಪರ್ ಇತ್ತು: ‘ಪ್ರೊಫೆಷನಲ್ ರೈಟಿಂಗ್ ಸ್ಕಿಲ್ಸ್ ಇನ್ ಇಂಗ್ಲಿಷ್’. ಕನ್ನಡದಲ್ಲಿ ಹೇಳುವುದಾದರೆ ವೃತ್ತಿಪರ ಬರವಣಿಗೆ. ವಿಟಿಯುದ 2022ರ ಸ್ಕೀಮಿನವರಿಗೆಲ್ಲ ಗೊತ್ತಿರುವ ಪೇಪರೇ. ಒಂದು ಕ್ರೆಡಿಟ್, ಪರೀಕ್ಷೆಯ ಹಿಂದಿನ ರಾತ್ರಿ ಪಿಡಿಎಫ್ ಓದಿದರೆ ಸಾಕು ಅಂತ ಸೀನಿಯರ್‌ಗಳು ಹೇಳುತ್ತಾರಲ್ಲ, ಅದು. ನನಗೆ ಸೆಮಿಸ್ಟರ್ ಎಂಡ್ ಪರೀಕ್ಷೆಯಲ್ಲಿ 50ಕ್ಕೆ 46 ಬಂತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಮ್ಯಾಥ್ಸ್ ಮಾರ್ಕ್ಸ್ ಹೇಳಲಿಲ್ಲ, ಅದು ಬೇರೆ ವಿಷಯ ಬಿಡಿ.

ಬರವಣಿಗೆಯ ಆ ಪರೀಕ್ಷೆಯಲ್ಲಿ ನಾನು ಬರೆದದ್ದು ಏನೇನು ಅಂತ ಈಗ ನೆನಪಿಸಿಕೊಂಡರೆ: ನನ್ನ ಹೆಸರು, ಯುಎಸ್‌ಎನ್, ಸಹಿ. ಉಳಿದದ್ದೆಲ್ಲ ಓಎಂಆರ್ ಹಾಳೆಯ ಮೇಲೆ ಪೆನ್ನಿನಿಂದ ಗೋಲ ತುಂಬಿದ್ದು. 50 ಪ್ರಶ್ನೆ, ಒಂದಕ್ಕೊಂದು ಅಂಕ, ಒಂದು ತಾಸು. ಒಂದು ವಾಕ್ಯವನ್ನೂ ಬರೆಯದೆ ನಾನು ವೃತ್ತಿಪರ ಬರಹಗಾರನಾಗಿ ಪಾಸಾದೆ.

ಆಗ ಇದು ತಮಾಷೆ ಅಂತಲೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಮರುವರ್ಷ ಮಾರ್ಚಿನಲ್ಲಿ, ಖಾನಾಪುರದಲ್ಲಿ.

ನಮ್ಮೂರು ಖಾನಾಪುರ ತಾಲೂಕಿನ ಪೂರ್ವಕ್ಕೆ, ಇಟಗಿ ಕಡೆ. ತಾಲೂಕಿನ ಪಶ್ಚಿಮಕ್ಕೆ ಕಾಡು ಮತ್ತು ಮಳೆ, ನಮ್ಮ ಕಡೆ ಬಯಲು ಮತ್ತು ಬೋರು. ಕಾಕಾಂದು ಎರಡು ಎಕರೆ ಕಬ್ಬು. ನಾನು ರಜೆಗೆ ಹೋದ ಹೊತ್ತಿಗೆ ಹೊಲದ ಕಡೆಯ ಟಿಸಿ ಸುಟ್ಟು ಮೂರು ದಿನ ಆಗಿತ್ತು. ಅದೊಂದರ ಮೇಲೆ ಎಂಟು ಪಂಪ್‌ಸೆಟ್ಟು. ಲೈನ್‌ಮನ್ ಬಂದು ನೋಡಿ, ಸೆಕ್ಷನ್ ಆಫೀಸಿಗೆ ಒಂದು ಅರ್ಜಿ ಕೊಡ್ರಿ ಅಂತ ಹೇಳಿ ಹೋಗಿದ್ದ. ಕಾಕಾ ನನ್ನ ಮುಖ ನೋಡಿದ್ದೇ ಖುಷಿಯಾದ.

‘ಚೊಲೋ ಆತು ತಮ್ಮಾ, ನೀ ಬಂದಿದ್ದು. ಎಂಜಿನಿಯರಿಂಗ್ ಕಲಿಯೋರ ಕೈಲೆ ಬರಿಸಿದ್ರ ಅರ್ಜಿಗೆ ವಜನ ಬರ್ತೈತಿ.’

ಕೂತೆ. ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ ಇಷ್ಟು ಎಸ್ಸೆಸ್ಸೆಲ್ಸಿಯ ನೆನಪಿನಿಂದ ಬಂತು. ಆಮೇಲೆ ಪೆನ್ನು ನಿಂತಿತು. ಅರ್ಧ ತಾಸು ಒದ್ದಾಡಿ ನಾನು ಬರೆದದ್ದರ ಸಾರ ಇಷ್ಟು: ನಮ್ಮ ಗ್ರಾಮದಲ್ಲಿ ವಿದ್ಯುತ್ ಪರಿವರ್ತಕವು ಹಾಳಾಗಿದ್ದು ರೈತ ಬಾಂಧವರಿಗೆ ತುಂಬಾ ತೊಂದರೆಯಾಗಿದೆ. ರೈತರು ದೇಶದ ಬೆನ್ನೆಲುಬು. ಆದಕಾರಣ ದಯಮಾಡಿ ಕೂಡಲೇ ಸರಿಪಡಿಸಬೇಕೆಂದು ಕಳಕಳಿಯಿಂದ ವಿನಂತಿ.

ನಗಬೇಡಿ. ‘ದೇಶದ ಬೆನ್ನೆಲುಬು’ ಅಂತ ಬರೆದಾಗ ನನಗೇ ಒಂಥರಾ ಹೆಮ್ಮೆ ಆಗಿತ್ತು.

ಆಫೀಸಿನವರು ಓದಿದರು. ಬೈಯಲಿಲ್ಲ, ಸಮಾಧಾನದಿಂದಲೇ ಕೇಳಿದರು: ‘ಯಾವ ಟಿಸಿ ರೀ? ನಿಮ್ಮೂರಾಗ ನಾಕೈದು ಅದಾವು. ಎಷ್ಟು ಕೆವಿಎ? ಯಾವತ್ತು ಸುಟ್ಟತಿ? ಆರ್‌ಆರ್ ನಂಬರ್ ಎಲ್ಲಿ? ಎಲ್ಲಾರ ಸಹಿ ಮಾಡಿಸಿಕೊಂಡು ಬರ್ರಿ.’ ಒಂದು ಪುಟ ತುಂಬ ಬರೆದಿದ್ದೆ, ಅವರಿಗೆ ಬೇಕಾದ ಒಂದು ಸಂಗತಿಯೂ ಅದರಲ್ಲಿರಲಿಲ್ಲ. ಅವರ ತಪ್ಪೇನಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ಮರುದಿನ ಕಾಕಾ ನನ್ನನ್ನು ಖಾನಾಪುರಕ್ಕೆ ಕರಕೊಂಡು ಹೋದ, ಬಾಂಡ್ ರೈಟರ್ ಹತ್ತಿರ. ಕಚೇರಿಗಳ ಸುತ್ತಮುತ್ತ ಒಂದು ಟೇಬಲ್ಲು, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವವರನ್ನು ನೀವೂ ನೋಡಿರುತ್ತೀರಿ. ವಯಸ್ಸಾದವರು. ಪೆನ್ನು ಮುಟ್ಟುವ ಮೊದಲು ಸುಮ್ಮನೆ ಕೇಳುತ್ತಾ ಹೋದರು. ಟಿಸಿ ಯಾರ ಹೊಲದಾಗ ಐತಿ, ಸರ್ವೆ ನಂಬರ್ ಏನು. ಯಾವತ್ತು, ಎಷ್ಟೊತ್ತಿಗೆ ಸುಟ್ಟತಿ. ಸುಡೂಕಿಂತ ಮುಂಚೆ ಸಪ್ಪಳಾ ಏನಾರ ಆಗಿತ್ತೇನು. ಇದಕ್ಕ ಮೊದಲ ಎಂದಾರ ಸುಟ್ಟಿತ್ತೇನು. ಎಷ್ಟು ಮಂದಿ ಪಂಪ್‌ಸೆಟ್ಟು, ಬಿಲ್ಲು ತಂದೀರೇನು. ಬೆಳಿ ಯಾವುದು, ನೀರು ಬಿಟ್ಟು ಎಷ್ಟು ದಿನಾ ಆತು. ಲೈನ್‌ಮನ್‌ಗ ಯಾವತ್ತು ಹೇಳಿದ್ರಿ. ಕಾಕಾ ಎಲ್ಲದಕ್ಕೂ ಟಕಟಕ ಉತ್ತರ ಕೊಟ್ಟ. ಅಂದರೆ ಎಲ್ಲ ಮಾಹಿತಿ ನಮ್ಮ ಮನೆಯಲ್ಲೇ ಇತ್ತು. ಕೇಳಬೇಕು ಅಂತ ನನಗೇ ಹೊಳೆದಿರಲಿಲ್ಲ.

ಆಮೇಲೆ ಹತ್ತು ನಿಮಿಷ, ಮುಕ್ಕಾಲು ಪುಟ, 50 ರೂಪಾಯಿ. ವಿಷಯದ ಸಾಲಿನಲ್ಲೇ ಊರು, ಸರ್ವೆ ನಂಬರು, ಕೆವಿಎ. ಮೊದಲ ವಾಕ್ಯದಲ್ಲಿ ತಾರೀಖು. ಕೆಳಗೆ ಎಂಟು ಜನರ ಹೆಸರು, ಆರ್‌ಆರ್ ನಂಬರು, ಸಹಿಗೆ ಜಾಗ. ಬೆನ್ನೆಲುಬು ಎಲ್ಲೂ ಇಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುವಾಗ ಕಾಕಾ ಹೇಳಿದ: ‘ಇರ್ಲಿ ಬಿಡೋ, ನೀವು ಇಂಗ್ಲಿಷಿನ್ಯಾಗ ಕಲಿಯೋರು.’ ಸಮಾಧಾನಕ್ಕೆ ಹೇಳಿದ ಮಾತು. ಇಂಗ್ಲಿಷಿನಲ್ಲಿ ಬರಿ ಅಂದಿದ್ದರೂ ನಾನು ಬರೆಯುತ್ತಿದ್ದದ್ದು ಅದೇ ಬೆನ್ನೆಲುಬಿನ ಅರ್ಜಿಯನ್ನೇ ಅಂತ ಅವನಿಗೆ ಗೊತ್ತಿರಲಿಲ್ಲ. ಟಿಸಿ ಆಮೇಲೆ ಬಂತು. ಆದರೆ ಮಾರ್ಚಿನ ಬಿಸಿಲಲ್ಲಿ ಕಬ್ಬಿಗೆ ಎರಡು ದಿನ ಹೆಚ್ಚು ನೀರು ತಪ್ಪಿದ್ದು ನನ್ನ ಲೆಕ್ಕಕ್ಕೇ ಸೇರಬೇಕು.

ಇನ್ನೊಂದು ಸಂಗತಿ ತಿಂಗಳಾದ ಮೇಲೆ ಗೊತ್ತಾಯಿತು. ಸುಟ್ಟ ಟಿಸಿಯನ್ನು ಹಳ್ಳಿಗಳಲ್ಲಿ 72 ಗಂಟೆಯೊಳಗೆ, ಪಟ್ಟಣಗಳಲ್ಲಿ 24 ಗಂಟೆಯೊಳಗೆ ಬದಲಿಸಬೇಕು ಅಂತ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ನಿಯಮ ಮಾಡಿದೆ. ಬಾಂಡ್ ರೈಟರ್ ಅವರ ಅರ್ಜಿಯಲ್ಲೂ ಅದು ಇರಲಿಲ್ಲ. ಅದನ್ನು ಹುಡುಕಿ ಒಂದು ಸಾಲು ಸೇರಿಸುವುದು ನಿಜವಾಗಿ ನನ್ನ ಕೆಲಸವಾಗಿತ್ತು. ಎಂಜಿನಿಯರಿಂಗ್ ಕಲಿಯುವವನ ಕೈಯಿಂದ ಅರ್ಜಿಗೆ ವಜನ ಬರಬೇಕಾದದ್ದು ಅಲ್ಲೇ. (ಒಂದು ತಾಸಿಗೆ 50 ಪ್ರಶ್ನೆ ಅಂದರೆ ಪ್ರಶ್ನೆಗೆ 72 ಸೆಕೆಂಡು. ಆ 72 ನನಗೆ ಗೊತ್ತಿತ್ತು, ಈ 72 ಗೊತ್ತಿರಲಿಲ್ಲ.)

ನಮ್ಮ ತಾಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ಸಿಕ್ಕಿವೆ. ಐದನೇ ಶತಮಾನದ ಕಾಕುಸ್ಥವರ್ಮ ತನ್ನ ಸೇನಾಪತಿ ಶ್ರುತಕೀರ್ತಿಗೆ ಹೊಲ ಕೊಟ್ಟದ್ದು ಅವುಗಳಲ್ಲೊಂದು. ಭಾಷೆ ಸಂಸ್ಕೃತ, ಆದರೆ ವಿಷಯ ನೋಡಿದರೆ ಬಾಂಡ್ ರೈಟರ್ ಕೆಲಸವೇ: ಕೊಟ್ಟವರು ಯಾರು, ಯಾರಿಗೆ, ಯಾವ ಊರಿನ ಯಾವ ಹೊಲ, ಯಾಕೆ. ಕೆತ್ತುವವನಿಗೆ ತಗಡಿನ ಮೇಲೆ ಜಾಗ ಕಡಿಮೆ ಇದ್ದರೂ ಇವನ್ನು ಬಿಟ್ಟಿಲ್ಲ.

ಈಗ ಪೇಪರಿಗೆ ಬರೋಣ. ಸಿಲಬಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ತೆಗೆದು ನೋಡಿ. ಪ್ಯಾರಾಗ್ರಾಫ್ ಹೇಗೆ ಕಟ್ಟಬೇಕು, ಪೀಠಿಕೆ ಹೇಗೆ, ಮುಕ್ತಾಯ ಹೇಗೆ, ಪದವನ್ನು ತಪ್ಪು ಜಾಗದಲ್ಲಿಟ್ಟರೆ ಅರ್ಥ ಹೇಗೆ ಕೆಡುತ್ತದೆ, ವರದಿಯಲ್ಲಿ ಎಷ್ಟು ಬಗೆ, ಅದರ ಭಾಗಗಳೇನು, ಕೆಲಸಕ್ಕೆ ಅರ್ಜಿ, ರೆಸ್ಯೂಮೆ, ಇಮೇಲ್. ಎಲ್ಲ ಬೇಕಾದದ್ದೇ. ಆದರೆ ಪರೀಕ್ಷೆ ಹೇಗಿದೆಯೋ ಪಾಠ ಹಾಗಾಗುತ್ತದೆ. ವರದಿಯ ಭಾಗ ಅಲ್ಲದ್ದು ಯಾವುದು ಅಂತ ಕೇಳಿದರೆ ಗುರುತಿಸುತ್ತೇವೆ. ವರದಿ ಬರಿ ಅಂದರೆ ಸೀನಿಯರ್ ಗ್ರೂಪಿನಲ್ಲಿ ‘ಅಣ್ಣಾ, ಸಾಫ್ಟ್ ಕಾಪಿ ಇದ್ರ ಕಳಸ್ರಿ’ ಅಂತ ಮೆಸೇಜ್ ಹಾಕುತ್ತೇವೆ. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ. ಅಲ್ಲಿ ತಿಗರಿ ಮುಟ್ಟಿಸದೆ, ನಾಲ್ಕು ಗಡಿಗೆಯ ಚಿತ್ರ ತೋರಿಸಿ ಯಾವುದು ಸರಿ ಅಂತ ಕೇಳಿ ಸರ್ಟಿಫಿಕೇಟ್ ಕೊಟ್ಟರೆ ಊರವರು ಏನನ್ನಬೇಡ?

ಇದನ್ನು ಹಾಸ್ಟೆಲಿನಲ್ಲಿ ಹೇಳಿದಾಗ ಗೆಳೆಯರು ಎರಡು ಮಾತು ಎತ್ತಿದರು. ಒಂದು: 200ಕ್ಕೂ ಹೆಚ್ಚು ಕಾಲೇಜುಗಳಿರುವ ವಿಶ್ವವಿದ್ಯಾಲಯ, ಅಷ್ಟೂ ಮಕ್ಕಳು ಬರೆದ ಪತ್ರ ಓದಿ ಅಂಕ ಹಾಕುವವರು ಯಾರು? ಸರಿಯಾದ ಪ್ರಶ್ನೆ. ಆದರೆ 100 ಅಂಕದಲ್ಲಿ 50 ಕಾಲೇಜಿನ ಕೈಯಲ್ಲೇ ಇದೆ. ಸಿಐಇ. ಅದಕ್ಕೆ ಓಎಂಆರ್ ಬೇಕು ಅಂತ ಯಾರೂ ಹೇಳಿಲ್ಲ.

ಎರಡನೆಯ ಮಾತು ಕಠಿಣದ್ದು, ಅದನ್ನು ಹೇಳಿದವನು ನನ್ನ ಹಾಗೇ ಹಳ್ಳಿ ಶಾಲೆಯವನು. ‘ಲೇ, ಕನ್ನಡ ಮೀಡಿಯಮ್ಮಿನವರು ಪಾಸ್ ಆಗಾಕತ್ತಿದ್ದು ಈ ಎಂಸಿಕ್ಯೂ ಇರೋದ್ರಿಂದ. ಅದನ್ನೂ ತೆಗಿ ಅಂತೀಯಲ್ಲೋ.’ ಇದಕ್ಕೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ನಿಜ, ಬರೆಯುವ ಪರೀಕ್ಷೆ ಆಗಿದ್ದರೆ ನನಗೆ 46 ಬರುತ್ತಿರಲಿಲ್ಲ, 20 ಬಂದಿದ್ದರೆ ಹೆಚ್ಚು. ಆದರೆ ಆ 20 ನನಗೆ ಮೊದಲ ವರ್ಷವೇ ಗೊತ್ತಾಗುತ್ತಿತ್ತು. ತಿದ್ದಿಕೊಳ್ಳಲು ಮೂರು ವರ್ಷ ಸಿಗುತ್ತಿತ್ತು. ಈಗ ಗೊತ್ತಾಗುವುದು ಕೊನೆಯ ವರ್ಷ, ಪ್ಲೇಸ್‌ಮೆಂಟಿನಲ್ಲಿ ಒಂದು ಪ್ಯಾರಾಗ್ರಾಫ್ ಬರಿ ಅಂದಾಗ. ಬೆಳಗಾವಿ, ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಮ್ ಹುಡುಗರಿಗೆ ಆ ಹೊತ್ತಿಗೆ ಏನೂ ನಷ್ಟವಿಲ್ಲ, ಮನೆಯಲ್ಲೋ ಶಾಲೆಯಲ್ಲೋ ಬರೆದು ಬಂದಿರುತ್ತಾರೆ. ನಷ್ಟ ನಮಗೇ. ಸುಲಭದ ಪರೀಕ್ಷೆ ಇಟ್ಟು ನಮ್ಮನ್ನು ಉಳಿಸಿದ್ದಾರೆ ಅಂತ ನಾವು ಅಂದುಕೊಂಡಿದ್ದೇವೆ.

ಇನ್ನು ಕನ್ನಡದ ಕಡೆ. 2018ರ ಸ್ಕೀಮಿನವರಿಗೆ ‘ಆಡಳಿತ ಕನ್ನಡ’ ಅಂತ ಪಠ್ಯ ಇತ್ತು. ಪತ್ರ ವ್ಯವಹಾರ, ಆಡಳಿತ ಪತ್ರಗಳು, ಸರ್ಕಾರದ ಆದೇಶ ಪತ್ರಗಳು, ಲೇಖನ ಚಿಹ್ನೆ, ಭಾಷಾಂತರ, ಕಚೇರಿಯ ಪಾರಿಭಾಷಿಕ ಪದಗಳು, ಎಲ್ಲ ಅದರಲ್ಲಿದ್ದವು. ನಮ್ಮ ಸ್ಕೀಮಿಗೆ ಬಂದದ್ದು ‘ಸಾಂಸ್ಕೃತಿಕ ಕನ್ನಡ’. ವಚನ, ಕೀರ್ತನೆ, ಕಗ್ಗ, ಕುವೆಂಪು, ಬೇಂದ್ರೆ, ವಸುಧೇಂದ್ರ. ಓದಲು ನನಗೆ ಇಷ್ಟವೇ ಆಯಿತು, ನಮ್ಮ ಸಂಘಕ್ಕೆ ನಾನು ಸೇರಿದ್ದೂ ಆ ಪುಸ್ತಕದ ದೆಸೆಯಿಂದ. ಸಾಹಿತ್ಯ ಬೇಡ, ಅರ್ಜಿ ಸಾಕು ಅನ್ನುವವನಲ್ಲ ನಾನು. ಆದರೆ ಎರಡರಲ್ಲಿ ಒಂದು ಬಂದಾಗ ಇನ್ನೊಂದು ಹೊರಗೆ ಹೋಗಲೇಬೇಕಿತ್ತೇ? ಬರೆಯುವುದು ಇಂಗ್ಲಿಷಿನ ಕೆಲಸ, ಕನ್ನಡ ಅಭಿಮಾನಕ್ಕೆ ಮತ್ತು ಕವಿತೆಗೆ, ಹೀಗೆ ನಮಗೇ ಗೊತ್ತಿಲ್ಲದೆ ಪಾಲು ಆಗಿಬಿಟ್ಟಿದೆ. ಅದೂ ಎಂಸಿಕ್ಯೂ, ಇದೂ ಎಂಸಿಕ್ಯೂ. ವಚನದ ಅಂಕಿತನಾಮಕ್ಕೂ ಗೋಲ, ಬಿಸಿನೆಸ್ ಲೆಟರಿನ ಅಂಗಗಳಿಗೂ ಗೋಲ.

ಅದೇ ಪುಸ್ತಕದಲ್ಲಿ ಎ.ಎನ್. ಮೂರ್ತಿರಾಯರು ವಿಶ್ವೇಶ್ವರಯ್ಯನವರ ಬಗ್ಗೆ ಬರೆದ ಲೇಖನ ಇದೆ. ನಮ್ಮ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಅವರನ್ನು ನೆನೆದಾಗ ನಮಗೆ ಕಾಣುವುದು ಪೇಟ, ಕೋಟು, ಕನ್ನಂಬಾಡಿ. ಅವರು ಜೀವನದುದ್ದಕ್ಕೂ ಬರೆದದ್ದು ಕಾಣುವುದಿಲ್ಲ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಕೊಚ್ಚಿಹೋದ ಮೇಲೆ ನಿಜಾಮರ ಸರ್ಕಾರ ಅವರನ್ನು ಕರೆಸಿತು. ಅವರು ಮಳೆ, ಹರಿವು, ಜಲಾನಯನ ಎಲ್ಲ ಲೆಕ್ಕ ಹಾಕಿ ವರದಿ ಕೊಟ್ಟರು. ಆ ವರದಿ ಓದಿ ಒಪ್ಪಿದ್ದರಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದವು. ಗೋಡೆ ಕಟ್ಟುವ ಮೊದಲು ಕಾಗದದ ಮೇಲೆ ಒಬ್ಬರನ್ನು ಒಪ್ಪಿಸಬೇಕು, ಒಪ್ಪಬೇಕಾದವರು ಎಂಜಿನಿಯರ್ ಆಗಿರುವುದಿಲ್ಲ.

ಅಷ್ಟು ದೂರವೂ ಬೇಡ. ಕಳಸಾ-ಬಂಡೂರಿ ನಮ್ಮ ಖಾನಾಪುರ ತಾಲೂಕಿನದೇ ನೀರು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಹಳ್ಳಗಳು. ಈ ಹೋರಾಟ ನಾವು ಕಂಡದ್ದು ರಸ್ತೆ ಬಂದ್, ಟೈರು, ಘೋಷಣೆಯಲ್ಲಿ. ಆದರೆ 2010ರಲ್ಲಿ ರಚನೆಯಾದ ಮಹದಾಯಿ ನ್ಯಾಯಾಧಿಕರಣದ ಮುಂದೆ ಎಂಟು ವರ್ಷ ನಡೆದದ್ದು ಕಾಗದದ ಜಗಳ. 2018ರ ಆಗಸ್ಟಿನ ತೀರ್ಪಿನಲ್ಲಿ ಕಳಸಾಕ್ಕೆ 1.72, ಬಂಡೂರಿಗೆ 2.18 ಟಿಎಂಸಿ ಬಂತು. ಆಮೇಲೂ ಕೆಲಸ ನಿಂತದ್ದು ಡಿಪಿಆರ್ ಮೇಲೆ. ಪರಿಷ್ಕೃತ ಡಿಪಿಆರ್‌ಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ ಬಂದದ್ದು 2022ರ ಡಿಸೆಂಬರಿನಲ್ಲಿ. ಡಿಪಿಆರ್ ಅಂದರೆ ಏನು? ಸವಿಸ್ತಾರ ಯೋಜನಾ ವರದಿ. ನಮ್ಮ ಸಿಲಬಸ್ಸಿನ ಮೂರನೇ ಮಾಡ್ಯೂಲಿನಲ್ಲಿ ‘ವರದಿಯ ಬಗೆಗಳು’ ಅಂತ ಒಂದು ಸಾಲು ಇದೆಯಲ್ಲ, ಅದು. ಸಿವಿಲ್ ಬ್ರಾಂಚಿನವರು ನಾಳೆ ನೀರಾವರಿ ಇಲಾಖೆಗೆ ಹೋದರೆ ಬರೆಯಬೇಕಾದದ್ದು ಇದನ್ನೇ. ಅದೇ ಯೋಜನೆಯನ್ನು ಕಣಕುಂಬಿಯ ಗ್ರಾಮಸಭೆಗೆ ಎರಡು ಪುಟದಲ್ಲಿ, ಅವರ ಭಾಷೆಯಲ್ಲಿ ವಿವರಿಸಿ ಅಂದರೆ ನಮ್ಮಲ್ಲಿ ಎಷ್ಟು ಜನರಿಗೆ ಬಂದೀತು?

ಅವರ ಭಾಷೆ ಅಂದಾಗ ಒಂದು ಮಾತು ಹೇಳಲೇಬೇಕು. ಕಣಕುಂಬಿ ಕಡೆ ಮನೆಮಾತು ಮರಾಠಿ. ನನ್ನ ರೂಮ್‌ಮೇಟ್ ಜಾಂಬೋಟಿ ಕಡೆಯವನು, ಏಳನೆಯವರೆಗೆ ಮರಾಠಿ ಶಾಲೆ. ಅವನಿಗೆ ಕನ್ನಡ ಪೇಪರ್ ‘ಬಳಕೆ ಕನ್ನಡ’. ಗಡಿಯಲ್ಲಿ ಯಾರು ಯಾವ ಭಾಷೆಯಲ್ಲಿ ಬರೆದರು ಅನ್ನುವುದೇ ರಾಜಕೀಯ ಆಗುತ್ತದೆ, ಅದನ್ನು ಇಲ್ಲಿ ಎಳೆದು ತರುವುದಿಲ್ಲ. ಅವನ ಕಷ್ಟ ಅದಕ್ಕಿಂತ ಸಣ್ಣದು, ಅದಕ್ಕಿಂತ ನಿಜವಾದದ್ದು. ಮನೆಗೆ ನಳದ ಕನೆಕ್ಷನ್ ಬೇಕು, ಪಂಚಾಯಿತಿಗೆ ಅರ್ಜಿ ಕನ್ನಡದಲ್ಲಿ. ‘ನನಗ ಕನ್ನಡಾನೂ ಅರ್ಧ, ಇಂಗ್ಲಿಷೂ ಅರ್ಧ’ ಅಂತಾನೆ. ಬಳಕೆ ಕನ್ನಡದಲ್ಲಿ ಅಂಗಡಿಯವನ ಜೊತೆ ಮಾತಾಡುವುದು, ಆಟೋದವನ ಜೊತೆ ಮಾತಾಡುವುದು ಅವನಿಗೆ ಕಲಿಸಬೇಕಾಗಿಲ್ಲ, ಹುಟ್ಟಿದಾಗಿನಿಂದ ಮಾತಾಡಿದ್ದಾನೆ. ಒಂದು ಅರ್ಜಿ ಬರೆಯಲು ಕಲಿಸಿದ್ದರೆ ಕನ್ನಡದ ಮೇಲೆ ಅವನಿಗೆ ಪ್ರೀತಿಯೂ ಒಂದಿಷ್ಟು ಹೆಚ್ಚುತ್ತಿತ್ತೋ ಏನೋ.

ಈಗ ಎಲ್ಲಕ್ಕೂ ಚಾಟ್‌ಜಿಪಿಟಿ ಇದೆಯಲ್ಲ ಅಂತೀರಿ. ನಾನೂ ನೋಡಿದೆ. ಟಿಸಿ ಸುಟ್ಟಿದೆ, ಕನ್ನಡದಲ್ಲಿ ಅರ್ಜಿ ಬರೆದುಕೊಡು ಅಂದೆ. ಚಕಚಕ ಬರೆಯಿತು. ಕಾಗುಣಿತ ನನಗಿಂತ ಚೆನ್ನಾಗಿತ್ತು, ನಮೂನೆ ಸರಿಯಿತ್ತು. ರೈತರ ತೊಂದರೆಯ ಬಗ್ಗೆ ಮರುಕವೂ ಇತ್ತು. ದಿನಾಂಕ, ಸ್ಥಳ, ಸಾಮರ್ಥ್ಯ, ಆರ್‌ಆರ್ ಸಂಖ್ಯೆ ಇರುವ ಕಡೆಯೆಲ್ಲ ಖಾಲಿ ಬಿಟ್ಟು, ಇಲ್ಲಿ ತುಂಬಿರಿ ಅಂದಿತ್ತು. ಆ ಖಾಲಿ ಜಾಗಗಳೇ ಅರ್ಜಿ. ಬಾಂಡ್ ರೈಟರ್ ಪೆನ್ನು ಕೆಳಗಿಟ್ಟು ಕೇಳಿದ ಪ್ರಶ್ನೆಗಳೆಲ್ಲ ಅಲ್ಲೇ ಇದ್ದವು. ಖಾಲಿ ಜಾಗದಲ್ಲಿ ಏನು ಬರಬೇಕು, ಅದು ಯಾರ ಹತ್ತಿರ ಸಿಗುತ್ತದೆ ಅಂತ ತಿಳಿಯುವುದನ್ನು ಯಾರೋ ನಮಗೆ ಕಲಿಸಬೇಕು.

ಅಮೆರಿಕದ ಎಂಐಟಿಯಲ್ಲಿ ಡಿಗ್ರಿ ಮುಗಿಸಬೇಕಾದರೆ ಬರವಣಿಗೆ ಮತ್ತು ಮಾತಿಗೆ ಒತ್ತು ಕೊಡುವ ನಾಲ್ಕು ಕೋರ್ಸ್ ಮಾಡಲೇಬೇಕು, ಅವುಗಳಲ್ಲಿ ಎರಡು ತಮ್ಮದೇ ಬ್ರಾಂಚಿನವು. ಅವರ ಹಣ, ಅವರ ಸಿಬ್ಬಂದಿ ನಮಗಿಲ್ಲ ಅಂತ ಗೊತ್ತು. ಗಮನಿಸಬೇಕಾದ್ದು ‘ತಮ್ಮದೇ ಬ್ರಾಂಚಿನವು’ ಅನ್ನುವುದನ್ನು. ಬರೆಯುವುದನ್ನು ಇಂಗ್ಲಿಷ್ ಮೇಡಮ್ ಒಬ್ಬರ ತಲೆಗೆ ಕಟ್ಟಿ ಉಳಿದವರು ಕೈತೊಳೆದುಕೊಂಡಿಲ್ಲ. ನಮ್ಮಲ್ಲೂ ಬರೆಸುವುದಕ್ಕೆ ಕಡಿಮೆ ಏನಿಲ್ಲ: ಲ್ಯಾಬ್ ರೆಕಾರ್ಡು, ಸರ್ವೆ ಕ್ಯಾಂಪ್ ವರದಿ, ಇಂಟರ್ನ್‌ಶಿಪ್ ವರದಿ, ಪ್ರಾಜೆಕ್ಟ್ ವರದಿ. ಆದರೆ ರೆಕಾರ್ಡು ನೋಡಿ ಬರೆದದ್ದು, ವರದಿ ಹಳೆಯದರ ಮೇಲೆ ಹೆಸರು ಬದಲಿಸಿದ್ದು. ಪ್ರಾಜೆಕ್ಟ್ ವರದಿಯ ಕೃತಜ್ಞತೆಯ ಪುಟ ನೋಡಿ. ಕೆಲಸ ಮುಗಿದ ತೃಪ್ತಿ, ಉಲ್ಲಾಸ, ಸಾಧ್ಯವಾಗಿಸಿದವರನ್ನು ನೆನೆಯದೆ ಅದು ಅಪೂರ್ಣ ಅಂತ ಶುರುವಾಗುವ ಆ ವಾಕ್ಯ! ಎಷ್ಟೋ ಬ್ಯಾಚಿನ ಎಂಜಿನಿಯರುಗಳು ಒಂದೇ ವಾಕ್ಯದಲ್ಲಿ ಉಲ್ಲಾಸಗೊಂಡು ಹೋಗಿದ್ದಾರೆ. ಧನ್ಯವಾದವನ್ನೂ ಸ್ವಂತಕ್ಕೆ ಹೇಳಲಾರೆವು.

ಹಾಗಾಗಿ ಬೋರ್ಡ್ ಆಫ್ ಸ್ಟಡೀಸ್‌ನವರಿಗೆ ಕೇಳುವುದು ದೊಡ್ಡದೇನಲ್ಲ. ಎಂಸಿಕ್ಯೂ ಇರಲಿ, ಸಿಐಇಯ 50ರಲ್ಲಿ 20 ಅಂಕವನ್ನಾದರೂ ತರಗತಿಯಲ್ಲೇ ಕೂತು ಕೈಯಲ್ಲಿ ಬರೆದದ್ದಕ್ಕೆ ಇಡಿ. ಬರೆದದ್ದನ್ನು ಕೆಂಪು ಶಾಯಿ ಹಾಕಿ ಹಿಂದಕ್ಕೆ ಕೊಡಿ, ಎರಡನೇ ಸಲ ಬರೆಸಿ, ಅಂಕ ಎರಡನೆಯದಕ್ಕೆ ಹಾಕಿ. ಒಂದು ಬರಹವಾದರೂ ನಿಜವಾದ ಮನುಷ್ಯನಿಗೆ, ನಿಜವಾದ ಕಚೇರಿಗೆ ಹೋಗುವಂಥದ್ದಾಗಿರಲಿ. ಮತ್ತು ಒಂದು ಕನ್ನಡದಲ್ಲಿರಲಿ. ಸ್ವಾಯತ್ತ ಕಾಲೇಜುಗಳು ಇದನ್ನು ಯಾರ ಅಪ್ಪಣೆಗೂ ಕಾಯದೆ ಬರುವ ಸೆಮಿಸ್ಟರಿನಿಂದಲೇ ಮಾಡಬಹುದು. ಅರವತ್ತು ಹುಡುಗರ ಹಾಳೆ ತಿದ್ದುವುದು ಮೇಷ್ಟ್ರುಗಳಿಗೆ ಹೊರೆ ಅಂತ ಗೊತ್ತು. ಆದರೆ ಅರವತ್ತು ಹುಡುಗರು ಹೇಗೆ ಯೋಚಿಸುತ್ತಾರೆ ಅಂತ ಮೇಷ್ಟ್ರಿಗೆ ಗೊತ್ತಾಗುವುದೂ ಆ ಹಾಳೆಗಳಿಂದಲೇ.

ಅದು ಆಗುವಾಗ ಆಗಲಿ. ನಮ್ಮ ಕನ್ನಡ ಸಂಘಕ್ಕೂ ಒಂದು ಕೋರಿಕೆ ಇದೆ. ರಾಜ್ಯೋತ್ಸವಕ್ಕೆ ಬೆಳಗಾವಿಯ ಮೆರವಣಿಗೆಯಲ್ಲಿ ನಾವು ಹೇಗೆ ಕುಣಿಯುತ್ತೇವೆ ಅಂತ ಎಲ್ಲರಿಗೂ ಗೊತ್ತು, ಈ ವರ್ಷವೂ ಕುಣಿಯೋಣ. ಅದರ ಜೊತೆ ತಿಂಗಳಿಗೊಂದು ಮಧ್ಯಾಹ್ನ ಸೆಮಿನಾರ್ ಹಾಲ್ ಕೇಳೋಣ. ಬರುವವರು ತಮ್ಮ ಊರಿನ, ಓಣಿಯ, ಮನೆಯ ಒಂದು ಬಾಕಿ ಅರ್ಜಿ ತರಲಿ. ಪಕ್ಕದವನು ಅದನ್ನು ಕಚೇರಿಯವನ ಹಾಗೆ ಓದಿ ಪ್ರಶ್ನೆ ಕೇಳಲಿ. ಮರಾಠಿ ಗೆಳೆಯರೂ ಬರಲಿ, ಅವರ ಅರ್ಜಿಯನ್ನು ನಾವು ತಿದ್ದೋಣ, ನಮ್ಮ ಇಂಗ್ಲಿಷನ್ನು ಇಂಗ್ಲಿಷ್ ಮೀಡಿಯಮ್ಮಿನವರು ತಿದ್ದಲಿ. ಒಂದು ಸಲವಾದರೂ ಆ ಬಾಂಡ್ ರೈಟರ್ ಅವರನ್ನು ಕರೆಸೋಣ. ಶಾಲು, ಹಾರ ಬೇಡ. ಒಂದು ಟೇಬಲ್ಲು, ಒಂದು ಕುರ್ಚಿ ಸಾಕು.

ನನ್ನದು ಒಂದು ತಯಾರಿದೆ. ನಮ್ಮೂರಿಗೆ ಮುಂಜಾನೆ ಬರುವ ಬಸ್ಸು ಕಾಲೇಜಿನ ಹುಡುಗಿಯರಿಗೆ ಅನುಕೂಲವಾಗುವಂತೆ ಇಪ್ಪತ್ತು ನಿಮಿಷ ಮೊದಲು ಬರಬೇಕು ಅಂತ ಡಿಪೋ ಮ್ಯಾನೇಜರ್‌ಗೆ ಅರ್ಜಿ. ಮೊದಲ ಪ್ರತಿ ಬ್ಯಾಗಿನಲ್ಲಿದೆ. ಎಷ್ಟು ಹುಡುಗಿಯರು, ಯಾವ ಯಾವ ಕಾಲೇಜು, ಮೊದಲ ಪೀರಿಯಡ್ ಎಷ್ಟಕ್ಕೆ ಅಂತ ತಂಗಿ ಬರಕೊಂಡು ಕೊಟ್ಟಿದ್ದಾಳೆ. ಬಸ್ಸು ಈಗ ದಿನಾ ಎಷ್ಟೊತ್ತಿಗೆ ಬರುತ್ತದೆ ಅನ್ನುವ ಜಾಗ ಇನ್ನೂ ಖಾಲಿ ಇದೆ. ಶನಿವಾರ ಊರಿಗೆ ಹೋದಾಗ ಸ್ಟಾಪಿನಲ್ಲಿ ನಿಂತು ನೋಡಿಕೊಂಡು ಬರಬೇಕು.